ಪ್ಯಾಂಟ್ರಿ ಕಾರ್ | 80 ರೂಪಾಯಿಯ ಊಟ 120 ಆಗೋದು ಹೇಗೆ?

ಬೆಂಗಳೂರಿನಿಂದ ಉತ್ತರಕ್ಕೆ ಹೋಗುವ ಒಂದು ಎಕ್ಸ್‌ಪ್ರೆಸ್ ರೈಲು. ಎರಡು ರಾತ್ರಿಯ ಪ್ರಯಾಣ, ಸ್ಲೀಪರ್ ಬೋಗಿ. ಮಧ್ಯಾಹ್ನ ಊಟ ತಂದ ಹುಡುಗ 120 ರೂಪಾಯಿ ಕೇಳಿದ. ನಾನು ಮೊಬೈಲ್ ತೆಗೆದು ಅಧಿಕೃತ ದರಪಟ್ಟಿ ತೋರಿಸಿದೆ. ವೆಜ್ ಊಟಕ್ಕೆ 80 ರೂಪಾಯಿ ಅಂತ ಸ್ಪಷ್ಟವಾಗಿ ಬರೆದಿತ್ತು. "ಅದು ಖಾಲಿ ಆಗಿದೆ, ಇದು ಸ್ಪೆಷಲ್ ಥಾಲಿ" ಅಂದ. ಬಿಲ್ ಕೇಳಿದೆ. "ಮೆಷಿನ್ ಕೆಟ್ಟಿದೆ" ಅಂದ. ನಾನು ಬಿಡಲಿಲ್ಲ. ದುಡ್ಡು ಕೊಟ್ಟು, ಊಟ ಮಾಡಿ, 139ಕ್ಕೆ ದೂರು ಕೊಟ್ಟೆ.

ಒಂದೂವರೆ ಗಂಟೆಯಲ್ಲಿ ಪ್ಯಾಂಟ್ರಿ ಮ್ಯಾನೇಜರ್ ಬಂದ. ಕೈಮುಗಿದು, 40 ರೂಪಾಯಿ ವಾಪಸ್ ಕೊಟ್ಟು, "ದೂರು ಕ್ಲೋಸ್ ಮಾಡಿ ಸರ್" ಅಂದ. ಅಕ್ಕಪಕ್ಕದವರು ಭೇಷ್ ಅಂದರು. ನನಗೂ ಒಳಗೊಳಗೇ ಖುಷಿಯಾಯ್ತು. ಸಂವಿಧಾನ ಓದಿದ ನಾಗರಿಕ ಅಂದ್ರೆ ಹೀಗಿರಬೇಕು ಅಂತ.

ರಾತ್ರಿ ಹನ್ನೊಂದರ ಹೊತ್ತಿಗೆ ಅದೇ ಹುಡುಗ ಖಾಲಿ ಟ್ರೇ ಹಿಡಿದು ಬಾಗಿಲ ಹತ್ತಿರ ನಿಂತಿದ್ದ. ಇಪ್ಪತ್ತು ದಾಟಿರಬಹುದು ಅಷ್ಟೆ. ಅವನೇ ಮಾತಾಡಿಸಿದ. "ಭಯ್ಯಾ, ನಿಮಗೆ ಕೊಟ್ಟ 40 ರೂಪಾಯಿ ನನ್ನ ಲೆಕ್ಕದಲ್ಲಿ ಬರೆದಿದ್ದಾರೆ. ದೂರು ಬಂದಿದ್ದಕ್ಕೆ ಇನ್ನೂ 500 ಮುರ್ಕೊಳ್ತಾರೆ." ಸಂಬಳ ಎಷ್ಟು ಅಂತ ಕೇಳಿದೆ. ಸಂಬಳ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಮಾರಿದ್ದಕ್ಕೆ ಕಮಿಷನ್. ಬೆಳಿಗ್ಗೆ ಇಷ್ಟು ಟೀ, ಇಷ್ಟು ಊಟ ಅಂತ ಎಣಿಸಿ ಕೊಡ್ತಾರೆ, ರಾತ್ರಿ ಅಷ್ಟರ ದುಡ್ಡು ಒಪ್ಪಿಸಬೇಕು. ಮಿಕ್ಕಿದ್ದು, ಚೆಲ್ಲಿದ್ದು, ದುಡ್ಡು ಕೊಡದೆ ಇಳಿದು ಹೋದವರದ್ದು ಎಲ್ಲವೂ ಅವನ ತಲೆಗೇ. ಮಲಗೋದು ಪ್ಯಾಂಟ್ರಿಯ ನೆಲದಲ್ಲಿ, ನೀರಿನ ಬಾಟಲಿಗಳ ಕ್ರೇಟ್ ಪಕ್ಕ.

ನಾನು ವ್ಯವಸ್ಥೆಯ ವಿರುದ್ಧ ದೂರು ಕೊಟ್ಟೆ ಅಂದುಕೊಂಡಿದ್ದೆ. ದೂರು ಹೋಗಿ ಬಿದ್ದಿದ್ದು ಆ ವ್ಯವಸ್ಥೆಯ ತೀರಾ ಕೆಳಗಿನ ಮೆಟ್ಟಿಲಲ್ಲಿ ನಿಂತವನ ಮೇಲೆ. ಹಾಗಾದರೆ ಆ ಹೆಚ್ಚುವರಿ 40 ರೂಪಾಯಿ ಹುಟ್ಟುವುದೆಲ್ಲಿ? ಊರಿಗೆ ವಾಪಸ್ ಬಂದ ಮೇಲೆ ಅದನ್ನೇ ಹುಡುಕುತ್ತಾ ಕೂತೆ. ಸಿಕ್ಕಿದ್ದನ್ನು ಇಲ್ಲಿ ಬಿಡಿಸಿ ಹೇಳ್ತೀನಿ.

ಮೊದಲು ದರದ ಲೆಕ್ಕ

ಮೇಲ್ ಮತ್ತು ಎಕ್ಸ್‌ಪ್ರೆಸ್ ರೈಲುಗಳ 'ಸ್ಟ್ಯಾಂಡರ್ಡ್' ಊಟ, ತಿಂಡಿ, ಟೀಗೆ ದರ ನಿಗದಿ ಮಾಡುವುದು ರೈಲ್ವೆ ಮಂಡಳಿ. 2019ರ ನವೆಂಬರ್‌ನಲ್ಲಿ ಆದ ಪರಿಷ್ಕರಣೆ ಪ್ರಕಾರ ರೈಲಿನೊಳಗೆ ವೆಜ್ ಊಟ 80 ರೂಪಾಯಿ, ಮೊಟ್ಟೆ ಕರಿ ಇರುವ ಊಟ 90, ಚಿಕನ್ ಕರಿ ಇರುವುದಕ್ಕೆ 130. ವೆಜ್ ತಿಂಡಿ 40. ನಿಲ್ದಾಣದ ಸ್ಟಾಲ್‌ನಲ್ಲಿ ಅದೇ ವೆಜ್ ಊಟ 70. ಇವೆಲ್ಲ ಜಿಎಸ್‌ಟಿ ಸೇರಿದ ದರ. 80 ರೂಪಾಯಿಗೆ ಏನೇನು ಕೊಡಬೇಕು ಅನ್ನೋದಕ್ಕೂ ತೂಕದ ಲೆಕ್ಕ ಇದೆ: ಅನ್ನ 150 ಗ್ರಾಂ, ಎರಡು ಪರಾಠ ಅಥವಾ ನಾಲ್ಕು ಚಪಾತಿ, ದಾಲ್ ಇಲ್ಲವೇ ಸಾಂಬಾರ್ 150 ಗ್ರಾಂ, ಪಲ್ಯ 100 ಗ್ರಾಂ, ಮೊಸರು 80 ಗ್ರಾಂ, ಉಪ್ಪಿನಕಾಯಿ 12 ಗ್ರಾಂ.

ಓದೋಕೆ ಚೆನ್ನಾಗಿದೆ. ಆದರೆ ಈ ದರ 2025ರಲ್ಲೂ ಅಷ್ಟೇ ಇತ್ತು. ಈ ಅವಧಿಯಲ್ಲಿ ಅಡುಗೆ ಎಣ್ಣೆ, ಬೇಳೆ, ಗ್ಯಾಸ್ ದರ ಏನಾಯ್ತು ಅನ್ನೋದನ್ನ ಮನೆ ನಡೆಸುವ ಯಾರನ್ನಾದರೂ ಕೇಳಿ. ಆ 80 ರೂಪಾಯಿಯಲ್ಲಿ ಶೇ. 5ರ ಜಿಎಸ್‌ಟಿ, ಅಂದರೆ ಸುಮಾರು 3 ರೂಪಾಯಿ 80 ಪೈಸೆ, ಮೊದಲೇ ಹೋಗುತ್ತದೆ. ಉಳಿದದ್ದರಲ್ಲಿ ಪದಾರ್ಥ, ಇಂಧನ, ಪ್ಯಾಕಿಂಗ್, ಅಡುಗೆಯವರ ಕೂಲಿ, ಮಾರುವವನ ಕಮಿಷನ್, ಗುತ್ತಿಗೆದಾರನ ಲಾಭ ಎಲ್ಲ ಹೊರಡಬೇಕು. ಇದರ ಜೊತೆಗೆ ಪ್ರಯಾಣಿಕರ ಕಣ್ಣಿಗೆ ಬೀಳದ ಇನ್ನೊಂದು ಖರ್ಚಿದೆ. ಅದರ ಹೆಸರು ಲೈಸೆನ್ಸ್ ಶುಲ್ಕ.

ಅಡುಗೆಮನೆಯ ಹರಾಜು

ಪ್ಯಾಂಟ್ರಿ ಕಾರ್ ರೈಲ್ವೆಯದು, ಆದರೆ ಅದನ್ನು ನಡೆಸುವವರು ಗುತ್ತಿಗೆದಾರರು. ರೈಲ್ವೆ ಸಚಿವಾಲಯದ ಅಧೀನದಲ್ಲಿ 1999ರಲ್ಲಿ ಹುಟ್ಟಿದ ಐಆರ್‌ಸಿಟಿಸಿ ಟೆಂಡರ್ ಕರೆಯುತ್ತದೆ. ತಾಂತ್ರಿಕ ಅರ್ಹತೆ ಇರುವವರಲ್ಲಿ ಯಾರು ಹೆಚ್ಚು ಲೈಸೆನ್ಸ್ ಶುಲ್ಕ ಕೊಡಲು ಒಪ್ಪುತ್ತಾರೋ ಅವರಿಗೆ ರೈಲು. ಅದರಲ್ಲೊಂದು ಪಾಲು ರೈಲ್ವೆಗೂ ಹೋಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಹಲವು ರೈಲುಗಳನ್ನು ಒಂದೇ ಕಟ್ಟು ಮಾಡಿ ಟೆಂಡರ್ ಕರೆಯುವ ಪದ್ಧತಿಯೂ ಬಂದಿದೆ. ಅಷ್ಟು ದೊಡ್ಡ ಮೊತ್ತ ಕಟ್ಟುವ ಶಕ್ತಿ ಸಣ್ಣವರಿಗೆ ಎಲ್ಲಿಂದ ಬರಬೇಕು?

ಈಗ ಗುತ್ತಿಗೆದಾರನ ಜಾಗದಲ್ಲಿ ನಿಂತು ಯೋಚಿಸಿ. ಮಾರುವ ದರವನ್ನು ರೈಲ್ವೆ ಕಟ್ಟಿಹಾಕಿದೆ, ಏರಿಸುವಂತಿಲ್ಲ. ಪದಾರ್ಥದ ದರ ಮಾರುಕಟ್ಟೆಯ ಕೈಯಲ್ಲಿದೆ, ಇಳಿಸುವಂತಿಲ್ಲ. ಲೈಸೆನ್ಸ್ ಶುಲ್ಕವನ್ನು ಪೈಪೋಟಿಯಲ್ಲಿ ತಾನೇ ಮೇಲಕ್ಕೆ ಒಯ್ದಿದ್ದಾನೆ, ಕಟ್ಟದೆ ಇರುವಂತಿಲ್ಲ. ಹಾಗಾದರೆ ಅವನ ಕೈಗೆ ಎಟಕುವುದು ಏನು? ಮೂರೇ ಮೂರು. ಊಟದ ಗುಣಮಟ್ಟ ಮತ್ತು ಪ್ರಮಾಣ, ಕೆಲಸದವರ ಕೂಲಿ, ಪ್ರಯಾಣಿಕರ ಜೇಬು. ದಾಲ್ ನೀರಾಗುವುದು, ಹುಡುಗನಿಗೆ ಸಂಬಳದ ಬದಲು ಕಮಿಷನ್ ಸಿಗುವುದು, 80 ಹೋಗಿ 120 ಆಗುವುದು ಮೂರೂ ಒಂದೇ ಲೆಕ್ಕದ ಮೂರು ಸಾಲುಗಳು.

ದರ ಏರಿಸುವುದಕ್ಕೆ ಒಂದು ಅಡ್ಡದಾರಿಯೂ ಇದೆ. ಸ್ಟ್ಯಾಂಡರ್ಡ್ ಊಟದ ಪಟ್ಟಿ ಬೇರೆ, 'ಎ ಲಾ ಕಾರ್ಟ್' ಅಂತ ಕರೆಯುವ ಬಿಡಿ ತಿನಿಸುಗಳ ಪಟ್ಟಿ ಬೇರೆ. ಎರಡನೆಯದರಲ್ಲಿ ದರ ಹೆಚ್ಚು. 80ರ ಊಟವನ್ನು 'ಖಾಲಿ' ಮಾಡಿ, ಅದಕ್ಕೇ ಒಂದು ತುಂಡು ಪನೀರ್ ಸೇರಿಸಿ 'ಸ್ಪೆಷಲ್ ಥಾಲಿ' ಅಂದರೆ ಕೆಲಸ ಆಯ್ತು. ಬಿಲ್ ಕೊಟ್ಟರೆ ಈ ಆಟ ಸಿಕ್ಕಿಬೀಳುತ್ತದೆ. ಮೆಷಿನ್ ಯಾಕೆ ಪದೇ ಪದೇ ಕೆಡುತ್ತೆ ಅಂತ ಈಗ ಗೊತ್ತಾಯ್ತಲ್ವಾ?

ಚೆಂಡಿನಂತೆ ಉರುಳಿದ ನೀತಿ

ಇದನ್ನೆಲ್ಲ ಸರ್ಕಾರ ಗಮನಿಸಿಲ್ಲ ಅಂತಲ್ಲ. 2005ರಲ್ಲಿ, ಲಾಲು ಪ್ರಸಾದ್ ಸಚಿವರಾಗಿದ್ದಾಗ, ಕೇಟರಿಂಗ್ ಜವಾಬ್ದಾರಿ ಐಆರ್‌ಸಿಟಿಸಿಗೆ ಹೋಯ್ತು. 2010ರಲ್ಲಿ, ಮಮತಾ ಬ್ಯಾನರ್ಜಿ ಕಾಲದಲ್ಲಿ, ಅದನ್ನು ಕಿತ್ತುಕೊಂಡು ವಲಯ ರೈಲ್ವೆಗಳಿಗೆ ಕೊಟ್ಟರು. 2017ರ ಫೆಬ್ರವರಿಯಲ್ಲಿ, ಸುರೇಶ್ ಪ್ರಭು ಸಚಿವರಾಗಿದ್ದಾಗ, ಮತ್ತೆ ಐಆರ್‌ಸಿಟಿಸಿಗೆ. ಹನ್ನೆರಡು ವರ್ಷದಲ್ಲಿ ಮೂರು ನೀತಿ.

2017ರ ಜುಲೈನಲ್ಲಿ ಸಿಎಜಿ ವರದಿ ಸಂಸತ್ತಿನ ಮುಂದೆ ಬಂತು. 74 ನಿಲ್ದಾಣ, 80 ರೈಲುಗಳಲ್ಲಿ ಪರಿಶೀಲನೆ ಮಾಡಿದ ಲೆಕ್ಕಪರಿಶೋಧಕರು ಕಂಡಿದ್ದು ಏನು? ಟೀ, ಕಾಫಿಗೆ ಶುದ್ಧೀಕರಿಸದ ನಲ್ಲಿ ನೀರು, ಮುಚ್ಚಳವಿಲ್ಲದ ಕಸದ ಡಬ್ಬಿ, ಇಲಿ, ಜಿರಳೆ, ಅವಧಿ ಮೀರಿದ ಪೊಟ್ಟಣಗಳು. ಬಿಲ್ ಕೊಡುತ್ತಿರಲಿಲ್ಲ, ದರಪಟ್ಟಿ ಇರುತ್ತಿರಲಿಲ್ಲ. ಕೆಲವು ಪದಾರ್ಥಗಳು ಮನುಷ್ಯರು ತಿನ್ನಲು ಯೋಗ್ಯವಲ್ಲ ಅಂತಲೇ ವರದಿ ಹೇಳಿತು. ಟಿವಿಗಳಲ್ಲಿ ಎರಡು ದಿನ ಜಿರಳೆ ಓಡಿತು. ಆದರೆ ಪದೇ ಪದೇ ನೀತಿ ಬದಲಿಸಿದ್ದರಿಂದಲೇ ವ್ಯವಸ್ಥೆ ಹದಗೆಟ್ಟಿದೆ ಎಂಬ ಮಾತೂ ಅದೇ ವರದಿಯಲ್ಲಿತ್ತು. ಅದರ ಬಗ್ಗೆ ಚರ್ಚೆ ಆಗಲಿಲ್ಲ. ಜಿರಳೆಗೆ ಇರೋ ಟಿಆರ್‌ಪಿ ನೀತಿಗೆ ಇಲ್ಲ.

2017ರ ನೀತಿ ಒಂದು ಒಳ್ಳೆಯ ಯೋಚನೆ ತಂದಿತು. ಅಡುಗೆ ಮಾಡುವವರು ಮತ್ತು ಬಡಿಸುವವರನ್ನು ಬೇರೆ ಮಾಡುವುದು, ದೊಡ್ಡ ಬೇಸ್ ಕಿಚನ್‌ಗಳಲ್ಲಿ ಸಿಸಿಟಿವಿ ಕಣ್ಣಲ್ಲಿ ಅಡುಗೆ ಮಾಡಿ ರೈಲಿಗೆ ಹತ್ತಿಸುವುದು. ಓಡುವ ಬೋಗಿಯಲ್ಲಿ ಬೆಂಕಿ ಹಚ್ಚುವುದು ಅಪಾಯ ಅನ್ನೋದೂ ನಿಜ. 2023ರ ಆಗಸ್ಟ್‌ನಲ್ಲಿ ಮಧುರೈ ನಿಲ್ದಾಣದ ಬಳಿ ನಿಂತಿದ್ದ ಖಾಸಗಿ ಪ್ರವಾಸಿ ಬೋಗಿಯೊಂದರಲ್ಲಿ, ಅಕ್ರಮವಾಗಿ ಒಯ್ದಿದ್ದ ಗ್ಯಾಸ್ ಸಿಲಿಂಡರ್‌ನಿಂದ ಬೆಂಕಿ ಹತ್ತಿ 9 ಜನ ಸತ್ತರು. ಹಾಗಾಗಿ ಕಿಚನ್ ಕೆಳಗಿಳಿದದ್ದು ತಪ್ಪಲ್ಲ. ಆದರೆ ಅಡುಗೆಮನೆ ಸುಧಾರಿಸಿದರೂ ಹರಾಜಿನ ತರ್ಕ ಹಾಗೇ ಉಳಿಯಿತು. ಪೊಟ್ಟಣದ ಮೇಲೆ ಕ್ಯೂಆರ್ ಕೋಡ್ ಬಂತು, ಅದನ್ನು ಹೊತ್ತು ಮಾರುವವನ ಸಂಬಳದ ಚೀಟಿ ಮಾತ್ರ ಬರಲಿಲ್ಲ.

ಯಾರ ಹಸಿವಿಗೆ ಯಾವ ಬೋಗಿ

ಪ್ಯಾಂಟ್ರಿ ಕಾರ್ ಸಾಮಾನ್ಯವಾಗಿ ರೈಲಿನ ಮಧ್ಯದಲ್ಲಿರುತ್ತದೆ. ಜನರಲ್ ಬೋಗಿಗಳು ಎರಡು ತುದಿಯಲ್ಲಿ. ಹಳೆಯ ಐಸಿಎಫ್ ರೈಲುಗಳಲ್ಲಿ ಜನರಲ್ ಬೋಗಿಗೆ ಪಕ್ಕದ ಬೋಗಿಯಿಂದ ದಾಟುವ ದಾರಿಯೇ ಇರುತ್ತಿರಲಿಲ್ಲ. ಈಗಿನ ರೈಲುಗಳಲ್ಲಿ ದಾರಿ ಇದ್ದರೂ, ಕಾಲಿಡಲು ಜಾಗ ಇಲ್ಲದ ಬೋಗಿಗೆ ಟ್ರೇ ಹಿಡಿದು ಹೋಗುವುದು ಹೇಗೆ? ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳನ್ನು ಕಟ್ಟಿ ಬಿಹಾರಕ್ಕೋ ಅಸ್ಸಾಮಿಗೋ ವಾಪಸ್ ಹೋಗುವ ಕಾರ್ಮಿಕ ಎರಡು ಹಗಲು ಎರಡು ರಾತ್ರಿ ಕಳೆಯುವುದು ಅಲ್ಲೇ. ಎದ್ದು ಪ್ಲಾಟ್‌ಫಾರ್ಮಿಗೆ ಇಳಿದರೆ ಕೂತ ಜಾಗ ಹೋಗುತ್ತದೆ.

ಇದು ಹೊಸ ಕಥೆಯೂ ಅಲ್ಲ. 1917ರಲ್ಲಿ ಗಾಂಧೀಜಿ ಮುಂಬೈನಿಂದ ಮದ್ರಾಸಿಗೆ ಮೂರನೇ ದರ್ಜೆಯಲ್ಲಿ ಹೋಗಿ, ಆ ಅನುಭವವನ್ನು ಪತ್ರಿಕೆಗಳಿಗೆ ಬರೆದರು. ರಾಯಚೂರು ದಾಟಿದ ಮೇಲೆ ನೂಕುನುಗ್ಗಲು ಸಹಿಸಲಾಗದಂತಾಯಿತು ಅಂತ ಅದರಲ್ಲಿದೆ. ದಾರಿಯಲ್ಲಿ ಸಿಕ್ಕ ಟೀ, ಸಕ್ಕರೆ, ಹಾಲಿನ ಅವಸ್ಥೆಯನ್ನೂ ಅವರು ಬಿಡದೆ ಬರೆದಿದ್ದಾರೆ. ಆ ಕಾಲದ ನಿಲ್ದಾಣಗಳಲ್ಲಿ ಹಿಂದೂಗಳಿಗೆ ಬೇರೆ ನೀರು, ಮುಸ್ಲಿಮರಿಗೆ ಬೇರೆ ನೀರು, ಯುರೋಪಿಯನ್ನರಿಗೆ ಬೇರೆ ಊಟದ ಕೋಣೆ. ಹಸಿವು ಎಲ್ಲರಿಗೂ ಒಂದೇ ಆದರೂ ರೈಲಿನ ಊಟ ಶುರುವಾದದ್ದೇ ಜನರನ್ನು ವಿಂಗಡಿಸುವುದರಿಂದ. ಈಗ ವಿಂಗಡಣೆ ಟಿಕೆಟ್ಟಿನ ದರ್ಜೆಯ ಮೇಲೆ.

ಇನ್ನೊಂದು ತುದಿ ನೋಡಿ. ನಮ್ಮದೇ ರಾಜ್ಯದ ಹೆಸರಲ್ಲಿ 2008ರಿಂದ ಓಡುತ್ತಿರುವ 'ಗೋಲ್ಡನ್ ಚಾರಿಯಟ್' ರೈಲಿನಲ್ಲಿ 'ರುಚಿ' ಅಂತ ರೆಸ್ಟೋರೆಂಟ್ ಇದೆ, 'ಮದಿರಾ' ಅಂತ ಲೌಂಜ್ ಬಾರ್ ಇದೆ. ಒಬ್ಬರ ಪ್ರಯಾಣದ ದರ ಲಕ್ಷಗಳಲ್ಲಿ. ಇರಲಿ, ಬೇಕಾದವರು ಹೋಗಲಿ. ನನ್ನ ತಕರಾರು ಐಷಾರಾಮದ ಬಗ್ಗೆ ಅಲ್ಲ. ಹಳಿಯ ಮೇಲೆ ಕೂತು ತಿನ್ನುವ ಮೇಜು ನಮ್ಮಲ್ಲಿ ಬರೀ ಐಷಾರಾಮವಾಗಿಬಿಟ್ಟಿತಲ್ಲ ಅನ್ನೋದರ ಬಗ್ಗೆ. 1930ರಿಂದ ಮುಂಬೈ–ಪುಣೆ ನಡುವೆ ಓಡುವ ಡೆಕ್ಕನ್ ಕ್ವೀನ್‌ನಲ್ಲಿ ಮೇಜು, ಕುರ್ಚಿ ಹಾಕಿದ ಡೈನಿಂಗ್ ಕಾರ್ ಇನ್ನೂ ಇದೆ. ದಿನನಿತ್ಯ ಓಡಾಡುವ ನೌಕರರ ರೈಲದು. ಬರೀ ಮೂರು, ಮೂರೂವರೆ ಗಂಟೆಯ ದಾರಿಗೆ ಡೈನಿಂಗ್ ಕಾರ್ ಇದೆ, ನಲವತ್ತು ಗಂಟೆಯ ದಾರಿಗೆ ಮಡಿಲಲ್ಲಿ ಫಾಯಿಲ್ ಡಬ್ಬಿ.

ನಡುವಿನ ದರ್ಜೆಯವರ ಕಥೆ ಬೇರೆ. 2022ರಲ್ಲಿ ಶತಾಬ್ದಿಯಲ್ಲಿ ಒಬ್ಬ ಪ್ರಯಾಣಿಕರಿಗೆ 20 ರೂಪಾಯಿಯ ಟೀಗೆ 50 ರೂಪಾಯಿ ಸೇವಾಶುಲ್ಕ ಹಾಕಿದ ಬಿಲ್ ವೈರಲ್ ಆಯ್ತು. ರೈಲ್ವೆ ಟೀ, ಕಾಫಿ ಮೇಲಿನ ಆ ಶುಲ್ಕ ತೆಗೆಯಿತು. ಆದರೆ ಊಟವನ್ನು ಮೊದಲೇ ಬುಕ್ ಮಾಡದವರಿಗೆ 105ರ ತಿಂಡಿ 155, 185ರ ಊಟ 235, 90ರ ಸಂಜೆ ತಿನಿಸು 140 ಆಯ್ತು. ಅಂದರೆ ಆ 50 ರೂಪಾಯಿ ಟೀ ಲೋಟದಿಂದ ಎದ್ದು ಊಟದ ತಟ್ಟೆಯಲ್ಲಿ ಕೂತಿತು. ಎದ್ದಿದ್ದು ಕಂಡ ನಾವು ಗೆದ್ದೆವು ಅಂತ ಪೋಸ್ಟ್ ಹಾಕಿದೆವು.

ಒಂದು ಒಳ್ಳೆಯ ಹೆಜ್ಜೆಯನ್ನೂ ಹೇಳಬೇಕು. 2023ರ ಜುಲೈನಿಂದ ಕೆಲವು ನಿಲ್ದಾಣಗಳಲ್ಲಿ, ಜನರಲ್ ಬೋಗಿ ನಿಲ್ಲುವ ಜಾಗದ ಎದುರಿಗೇ, 20 ರೂಪಾಯಿಗೆ ಪೂರಿ–ಆಲೂ ಪಲ್ಯ, 50 ರೂಪಾಯಿಗೆ 350 ಗ್ರಾಂ ಊಟ ಕೊಡುವ ಕೌಂಟರ್ ಶುರು ಮಾಡಿದರು. ಮನಸ್ಸು ಮಾಡಿದರೆ ಆಗುತ್ತೆ ಅನ್ನೋದಕ್ಕೆ ಇದೇ ಸಾಕ್ಷಿ. ಆದರೆ ಅದು ಪ್ಲಾಟ್‌ಫಾರ್ಮಿನಲ್ಲಿದೆ, ರೈಲಿನಲ್ಲಿಲ್ಲ. ರಾತ್ರಿ ಎರಡಕ್ಕೆ ಎರಡೇ ನಿಮಿಷ ನಿಲ್ಲುವ ಊರಲ್ಲಿ ಅದು ಸಿಗಲ್ಲ.

ಸೇವೆಯೋ, ವ್ಯಾಪಾರವೋ?

ಇದು ಭಾರತದ್ದೊಂದೇ ತಕರಾರಲ್ಲ. ಅಮೆರಿಕದ ಸರ್ಕಾರಿ ಪ್ರಯಾಣಿಕ ರೈಲು ಸಂಸ್ಥೆ ಆಮ್‌ಟ್ರ್ಯಾಕ್‌ಗೂ ಇದೇ ಪ್ರಶ್ನೆ ಎದುರಾಯಿತು. ಊಟದ ವಿಭಾಗದ ನಷ್ಟವನ್ನು ಐದು ವರ್ಷದಲ್ಲಿ ಸೊನ್ನೆಗೆ ತರಬೇಕು ಅಂತ 2015ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿತು. ಪರಿಣಾಮ ಏನು? 2019ರ ಹೊತ್ತಿಗೆ ಪೂರ್ವ ಭಾಗದ ಹಲವು ರಾತ್ರಿ ರೈಲುಗಳ ಡೈನಿಂಗ್ ಕಾರಿನಲ್ಲಿ ಅಡುಗೆ ನಿಂತು, ಬಿಸಿ ಮಾಡಿ ಕೊಡುವ ಡಬ್ಬಿ ಊಟ ಬಂತು. ಪ್ರಯಾಣಿಕರು ಗಲಾಟೆ ಮಾಡಿದರು. 2021ರ ಮೂಲಸೌಕರ್ಯ ಕಾಯ್ದೆಯಲ್ಲಿ ಆ ನಷ್ಟ–ಸೊನ್ನೆ ಷರತ್ತನ್ನೇ ತೆಗೆದುಹಾಕಿದರು. ದೂರದ ರೈಲಿನ ಊಟವನ್ನು ಪ್ರತ್ಯೇಕ ಅಂಗಡಿಯ ಹಾಗೆ ನೋಡಬೇಕೋ ಅಥವಾ ಸೀಟು, ಫ್ಯಾನು, ಶೌಚಾಲಯದ ಹಾಗೆ ಪ್ರಯಾಣದ ಭಾಗ ಅಂತ ನೋಡಬೇಕೋ ಅನ್ನೋದು ಅಡುಗೆಯವರು ತೀರ್ಮಾನ ಮಾಡುವ ವಿಷಯ ಅಲ್ಲ. ಶಾಸನಸಭೆ ತೀರ್ಮಾನ ಮಾಡುವ ವಿಷಯ.

ನಮ್ಮಲ್ಲಿ ಆ ತೀರ್ಮಾನ ಚರ್ಚೆಯೇ ಇಲ್ಲದೆ ಆಗಿಹೋಗಿದೆ. ಐಆರ್‌ಸಿಟಿಸಿ 2019ರ ಅಕ್ಟೋಬರ್‌ನಲ್ಲಿ ಷೇರುಪೇಟೆಗೆ ಬಂತು. ಈಗ ಅದರಲ್ಲಿ ಸರ್ಕಾರದ ಪಾಲು ಶೇ. 62.4. ಆದಾಯದಲ್ಲಿ ದೊಡ್ಡ ಪಾಲು ಕೇಟರಿಂಗ್‌ನಿಂದ ಬಂದರೂ, ಲಾಭದ ಪ್ರಮಾಣ ಹೆಚ್ಚಿರುವುದು ಆನ್‌ಲೈನ್ ಟಿಕೆಟ್‌ನಲ್ಲಿ. ನೀವು ಟಿಕೆಟ್ ಬುಕ್ ಮಾಡುವಾಗ 'ಕನ್ವೀನಿಯನ್ಸ್ ಫೀ' ಅಂತ ಕಟ್ಟುತ್ತೀರಲ್ಲ, ಅದೇ.

ಇಲ್ಲಿ ಇಬ್ಬರು ಸ್ನೇಹಿತರು ನನ್ನ ಜೊತೆ ಜಗಳ ಆಡ್ತಾರೆ. ಒಬ್ಬರು, "ಮನೆಯಿಂದ ಬುತ್ತಿ ಕಟ್ಕೊಂಡು ಹೋಗಪ್ಪ" ಅಂತಾರೆ. ಮೊದಲ ಹೊತ್ತಿಗೆ ಸರಿ. ಮೂರನೇ ಹೊತ್ತಿಗೆ ಚಪಾತಿಯೂ ಹಳಸುತ್ತದೆ. ಅದೂ ಅಲ್ಲದೆ ಲೇಬರ್ ಶೆಡ್ಡಿನಿಂದ ಹೊರಟವನಿಗೆ ಬುತ್ತಿ ಕಟ್ಟಿಕೊಡುವವರು ಯಾರು? ಇನ್ನೊಬ್ಬರು, "ಆ್ಯಪ್‌ನಲ್ಲಿ ಆರ್ಡರ್ ಮಾಡು, ಸೀಟಿಗೇ ಬರುತ್ತೆ" ಅಂತಾರೆ. ನಿಜ, ಈಗ ಜೊಮ್ಯಾಟೊ, ಸ್ವಿಗ್ಗಿ ಕೂಡ ಐಆರ್‌ಸಿಟಿಸಿ ಜೊತೆ ಸೇರಿ ರೈಲಿಗೆ ಊಟ ತರುತ್ತವೆ. ಆದರೆ ಅದಕ್ಕೆ ಪಿಎನ್‌ಆರ್ ಬೇಕು. ಕಾಯ್ದಿರಿಸದ ಟಿಕೆಟ್ಟಿನವನಿಗೆ ಪಿಎನ್‌ಆರ್ ಎಲ್ಲಿದೆ? ಎರಡು ಉತ್ತರಗಳೂ ಇರುವವರಿಗೆ ಇನ್ನೊಂದು ಆಯ್ಕೆ ಕೊಡುತ್ತವೆ ಅಷ್ಟೆ.

ಹಾಗಾದರೆ ಏನು ಕೇಳಬೇಕು?

ಮೊದಲನೆಯದು, ಟೆಂಡರ್ ಲೆಕ್ಕ. ಪ್ರತಿ ರೈಲಿನ ಪ್ಯಾಂಟ್ರಿಗೆ ಯಾರು ಎಷ್ಟು ಲೈಸೆನ್ಸ್ ಶುಲ್ಕ ಕಟ್ಟಿದ್ದಾರೆ ಅನ್ನೋದನ್ನು ದರಪಟ್ಟಿಯ ಪಕ್ಕದಲ್ಲೇ ಹಾಕಲಿ. ಹೆಚ್ಚು ಶುಲ್ಕ ಕೊಟ್ಟವನಿಗೆ ರೈಲು ಅನ್ನೋ ಪದ್ಧತಿ ಬಿಟ್ಟು, ಶುಲ್ಕವನ್ನು ನಿಗದಿ ಮಾಡಿ, ಊಟದ ಗುಣಮಟ್ಟ ಮತ್ತು ಕಾರ್ಮಿಕರ ಸ್ಥಿತಿಗೆ ಅಂಕ ಕೊಟ್ಟು ಗುತ್ತಿಗೆ ಕೊಡಲಿ. ಎರಡನೆಯದು, ಪ್ಯಾಂಟ್ರಿ ಕೆಲಸಗಾರರಿಗೆ ಕನಿಷ್ಠ ವೇತನ ಬ್ಯಾಂಕ್ ಖಾತೆಗೇ ಹೋಗಲಿ, ಮಲಗಲು ಒಂದು ಬರ್ತ್ ಇರಲಿ. ಕಾರ್ಮಿಕ ಕಾನೂನಿನ ಪ್ರಕಾರ ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮುಖ್ಯ ಉದ್ಯೋಗದಾತನೇ ಕೊಡಬೇಕು. ರೈಲಿನಲ್ಲೂ ಆ ಹೊಣೆ ಕಾಣಲಿ. ಮೂರನೆಯದು, 20 ಮತ್ತು 50 ರೂಪಾಯಿಯ ಊಟ ಪ್ಲಾಟ್‌ಫಾರ್ಮಿನಿಂದ ರೈಲು ಹತ್ತಲಿ, ಜನರಲ್ ಬೋಗಿಗೆ ತಲುಪಲಿ. ಅದರಿಂದ ನಷ್ಟವಾದರೆ ಟಿಕೆಟ್ ಫೀಯ ಲಾಭದಲ್ಲಿ ತುಂಬಲಿ. ನಾಲ್ಕನೆಯದು, ಸ್ಟ್ಯಾಂಡರ್ಡ್ ಊಟದ ದರವನ್ನು ವರ್ಷಕ್ಕೊಮ್ಮೆ ಬಹಿರಂಗ ಲೆಕ್ಕದ ಮೇಲೆ ಪರಿಷ್ಕರಿಸಲಿ. 80ರ ಊಟ 90 ಆಗಿ ನಿಜಕ್ಕೂ 90ಕ್ಕೇ ಸಿಕ್ಕರೆ, ಕಾಗದದಲ್ಲಿ 80 ಇದ್ದು ಕೈಗೆ 120ಕ್ಕೆ ಬರುವುದಕ್ಕಿಂತ ಮೇಲು.

ಮಾಹಿತಿ ಹಕ್ಕು ಅರ್ಜಿ ಹಾಕುವ ಅಭ್ಯಾಸ ಇರುವವರು ನಿಮ್ಮೂರಿನ ರೈಲಿನ ಪ್ಯಾಂಟ್ರಿ ಗುತ್ತಿಗೆಯ ಪ್ರತಿ ಕೇಳಿ. ಸಂಸದರನ್ನು ಹೊಸ ರೈಲು ಎಷ್ಟು ಅಂತ ಕೇಳುವಾಗ ಇದನ್ನೂ ಒಂದು ಸಾಲು ಸೇರಿಸಿ.

139ಕ್ಕೆ ದೂರು ಕೊಡಬೇಡಿ ಅಂತ ನಾನು ಹೇಳುತ್ತಿಲ್ಲ. ಹಳಸಿದ ಊಟ ಬಂದರೆ, ಬಿಲ್ ಕೊಡದಿದ್ದರೆ, ಖಂಡಿತ ಕೊಡಿ. ಆದರೆ ನನ್ನ ಹಾಗೆ ಬರೀ ಬೋಗಿ ಸಂಖ್ಯೆ, ಹುಡುಗನ ಬ್ಯಾಡ್ಜ್ ಸಂಖ್ಯೆ ಕೊಟ್ಟು ಮುಗಿಸಬೇಡಿ. ದಂಡ ಗುತ್ತಿಗೆದಾರನಿಗೆ ಹಾಕಿ, ಕೆಲಸಗಾರನ ಕೂಲಿಯಲ್ಲಿ ಮುರಿಯಬಾರದು ಅಂತ ಅದೇ ದೂರಿನಲ್ಲಿ ಬರೆಯಿರಿ. ಅದರಿಂದ ನಾಳೆಯೇ ಎಲ್ಲ ಬದಲಾಗುತ್ತೆ ಅನ್ನೋ ಭ್ರಮೆ ನನಗಿಲ್ಲ. ಆದರೆ ದೂರು ಯಾರ ಮೇಲೆ ಅನ್ನೋದಾದರೂ ದಾಖಲೆಯಲ್ಲಿ ಉಳಿಯುತ್ತದೆ.

ಆವತ್ತು ರಾತ್ರಿ ಆ 40 ರೂಪಾಯಿಯನ್ನು ಹುಡುಗನಿಗೆ ವಾಪಸ್ ಕೊಡಲು ಹೋದೆ. ಅವನು ತೆಗೆದುಕೊಳ್ಳಲಿಲ್ಲ. "ದರ 80 ಅಂತ ನನಗೂ ಗೊತ್ತು ಭಯ್ಯಾ, ನೀವು ಕೇಳಿದ್ದು ಸರಿನೇ ಇತ್ತು" ಅಂದ. ಬೆಳಿಗ್ಗೆ ಐದಕ್ಕೆ ಅವನ "ಚಾಯ್, ಚಾಯ್" ಕೂಗಿನಿಂದಲೇ ಎಚ್ಚರವಾಯಿತು.